ಕೊಲೆ ನಡೆದ ಬೀದಿಯಲ್ಲಿ ಸರ್ವಧರ್ಮ ಪ್ರಾರ್ಥನಾ ಸಭೆ: ಏರ್ಪಡಿಸುವ ಬಗೆ

ಕೋಲಾರದ ಯಾವುದೇ ಬಡಾವಣೆಯಲ್ಲಿ ಮಚ್ಚಿಗೋ ಗುಂಡಿಗೋ ಒಬ್ಬರು ಬಲಿಯಾದಾಗ, ನೆರೆಹೊರೆಯವರೆಲ್ಲ ಸೇರಿ ಪ್ರಾರ್ಥಿಸಬೇಕೆಂದಿದ್ದರೆ ಮೊದಲು ಮೃತರ ಮನೆಯವರ ಒಪ್ಪಿಗೆ ಪಡೆಯಬೇಕು. ಅವರು ಬೇಡವೆಂದರೆ ಅಲ್ಲಿಗೇ ಕೈಬಿಡುವುದು ಸರಿ.

ಬಳಿಕ ದಿನ, ಸ್ಥಳ, ಸಮಯ ಮತ್ತು ಬರಬಹುದಾದ ಜನರ ಅಂದಾಜನ್ನು ನಮೂದಿಸಿ ಠಾಣೆಗೆ ಮನವಿ ಸಲ್ಲಿಸಿ, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ನಿಷೇಧಾಜ್ಞೆ ಜಾರಿಯಲ್ಲಿದ್ದರೆ ಸಭೆಯನ್ನು ಮುಂದೂಡಿ. ಧ್ವನಿವರ್ಧಕಕ್ಕೂ ಅನುಮತಿ ಬೇಕು. 2000ರ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿವೆ.

ನಮಾಜಿನ ಹೊತ್ತಿಗೆ ಅಡ್ಡಿಯಾಗದಂತೆ ಸಮಯ ಗೊತ್ತುಮಾಡಿ, ಅರ್ಚಕರು, ಮೌಲ್ವಿಗಳು, ಪಾದ್ರಿಗಳು ತಲಾ ಐದು ನಿಮಿಷ ಮಾತ್ರ ಮಾತನಾಡಬೇಕೆಂದೂ, ಆರೋಪಿಯ ಹೆಸರು, ಜಾತಿ, ಸೇಡಿನ ಮಾತು ಯಾರ ಬಾಯಲ್ಲೂ ಬರಬಾರದೆಂದೂ ಮೊದಲೇ ತಿಳಿಸಿ. ರಾಜಕೀಯ ಮುಖಂಡರು ಬಂದರೆ ಎಲ್ಲರೊಡನೆ ಜಮಖಾನದ ಮೇಲೆ ಕುಳಿತುಕೊಳ್ಳಲಿ; ಮೈಕು ಅವರ ಕೈಗೆ ಹೋಯಿತೆಂದರೆ ಪ್ರಾರ್ಥನೆ ಮುಗಿದಂತೆಯೇ. ಮೇಣದಬತ್ತಿಯನ್ನು ಕಾಗದದ ಲೋಟದ ತಳಕ್ಕೆ ತೂತು ಕೊರೆದು ಸಿಕ್ಕಿಸಿದರೆ ಕರಗಿದ ಮೇಣ ಕೈಮೇಲೆ ತೊಟ್ಟಿಕ್ಕುವುದಿಲ್ಲ.

ಘಟನೆಯನ್ನು ಕಣ್ಣಾರೆ ಕಂಡವರು ಅದನ್ನು ಸಭೆಯಲ್ಲಿ ಹೇಳದೆ ತನಿಖಾಧಿಕಾರಿಗೇ ತಿಳಿಸಬೇಕು. ಸಂತ್ರಸ್ತರ ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದಾದ್ದರಿಂದ, ಮೃತರ ಮನೆಯವರ ಜೊತೆ ಅಲ್ಲಿಗೆ ಹೋಗಿಬರಲು ಓಡಾಟ ಬಲ್ಲವರೊಬ್ಬರನ್ನು ಸಭೆ ಚದುರುವ ಮುನ್ನವೇ ಗೊತ್ತುಮಾಡಿ.