ಓದಿ ಉತ್ತರ ಹೇಳುವ ಎಐ: ವಿಕಿಪೀಡಿಯ ಜೋಡಿಸಿದ ನನ್ನ ಅನುಭವ

ನಮ್ಮ ಮನೆ ಪುಣೆಯ ಕೋಥ್ರೂಡ್‌ನಲ್ಲಿ. ಊರು ಧಾರವಾಡದ ಕಡೆ. ಹೋದ ಡಿಸೆಂಬರ್‌ನಲ್ಲಿ ಅವ್ವ ಬಂದಿದ್ದಳು. ಸವಾಯಿ ಗಂಧರ್ವ ಸಂಗೀತೋತ್ಸವದ ದಿನಗಳು. ಸುಮ್ನೆ ಕುತೂಹಲಕ್ಕೆ, ಗಾಯಕ ಸವಾಯಿ ಗಂಧರ್ವರು ಯಾವ ಊರಿನವರು ಅಂತ ಲ್ಯಾಪ್‌ಟಾಪಿನಲ್ಲಿದ್ದ ಎಐಯನ್ನು ಕನ್ನಡದಲ್ಲೇ ಕೇಳಿದೆ. ಪುಣೆಯವರು ಅಂದಿತು, ಅನುಮಾನವೇ ಇಲ್ಲದ ಹಾಗೆ.

"ಅಲ್ಲೋ ತಮ್ಮಾ, ಅವರು ನಮ್ಮ ಕುಂದಗೋಳದವರಲ್ಲೇನು? ಇದು ಎಲ್ಲಿ ಓದಿ ಹೇಳತೈತಿ?" ಅಂದಳು ಅವ್ವ.

ಅದು ಎಲ್ಲೂ ಓದಿರಲಿಲ್ಲ. ಹಿಂದೆ ಕಲಿತದ್ದರ ನೆನಪಿನಿಂದ ಹೇಳಿತ್ತು. ವಿಕಿಪೀಡಿಯ ತೆರೆದು ಓದಿ ಹೇಳುವ ಹಾಗೆ ಮಾಡಬೇಕು ಅಂತ ಅವತ್ತು ರಾತ್ರಿಯೇ ಕೂತೆ.

ಇದಕ್ಕೆ ದಾರಿ ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್. ಎಐ ಹೊರಗಿನ ಪ್ರೋಗ್ರಾಂಗಳ ಜೊತೆ ಮಾತಾಡುವ ಒಂದು ಕ್ರಮ ಇದು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಇದನ್ನು ಎಲ್ಲರೂ ಬಳಸಲಿ ಅಂತ ಮುಕ್ತವಾಗಿ ಬಿಟ್ಟಿತು. ನಾವು ಸರ್ವರ್ ಅನ್ನೋ ಒಂದು ಸಣ್ಣ ಪ್ರೋಗ್ರಾಂ ಬರೆದಿಟ್ಟರೆ, ಎಐ ಬೇಕಾದಾಗ ಅದರೊಳಗಿನ ಟೂಲ್ (ಒಂದೊಂದು ಕೆಲಸ ಮಾಡುವ ತುಣುಕು) ಕರೆದು ಮಾಹಿತಿ ತರಿಸಿಕೊಳ್ಳುತ್ತದೆ. ನಾನು ಪೈಥಾನ್‌ನಲ್ಲಿ ಬರೆದದ್ದು ಎರಡೇ ಟೂಲ್. ಒಂದು ಹುಡುಕುತ್ತದೆ, ಇನ್ನೊಂದು ಲೇಖನ ತರುತ್ತದೆ. ಎರಡೂ ಕೇಳುವುದು ವಿಕಿಪೀಡಿಯದ ಎಪಿಐಯನ್ನು, ಅಂದರೆ ಪ್ರೋಗ್ರಾಂಗಳು ಮಾಹಿತಿ ಕೇಳಲು ಅದು ಇಟ್ಟಿರುವ ಬಾಗಿಲನ್ನು. ಓದೋದಕ್ಕೆ ಖಾತೆ ಬೇಡ, ದುಡ್ಡೂ ಬೇಡ.

ಎರಡು ಕಡೆ ಎಡವಿದೆ. ಮೊದಲು 403 ಎರರ್ ಬಂತು, ಅಂದರೆ ವಿಕಿಪೀಡಿಯ ಒಳಗೆ ಬಿಡಲಿಲ್ಲ. ಕೇಳುತ್ತಿರುವ ಪ್ರೋಗ್ರಾಂ ಯಾವುದು, ಯಾರದ್ದು ಅಂತ ಕೋರಿಕೆಯ ಜೊತೆ ಹೋಗುವ ಯೂಸರ್ ಏಜೆಂಟ್ ಅನ್ನೋ ಗುರುತಿನ ಸಾಲಿನಲ್ಲಿ ಬರೆಯಬೇಕು ಅನ್ನೋದು ವಿಕಿಪೀಡಿಯದ ನಿಯಮ. ನಾನು ಬರೆದಿರಲಿಲ್ಲ. ಹೆಸರು, ಇಮೇಲ್ ಹಾಕಿದ ಮೇಲೆ ಸರಿಹೋಯಿತು. ಎರಡನೆಯದಕ್ಕೆ ಮಧ್ಯರಾತ್ರಿ ದಾಟಿತು. ಏನು ನಡೀತಿದೆ ನೋಡೋಣ ಅಂತ ಒಂದು ಪ್ರಿಂಟ್ ಸಾಲು ಹಾಕಿದ್ದೆ. ಒಂದೇ ಕಂಪ್ಯೂಟರಿನಲ್ಲಿ ಓಡುವಾಗ ಸರ್ವರ್ ತನ್ನ ಉತ್ತರ ಕಳಿಸೋದೇ ಸ್ಟ್ಯಾಂಡರ್ಡ್ ಔಟ್‌ಪುಟ್ ಮೂಲಕ. ಪ್ರಿಂಟ್ ಮಾಡಿದ್ದೂ ಅದೇ ದಾರಿಯಲ್ಲಿ ಹೋಗುತ್ತದೆ. ನನ್ನ ಸಾಲು ಉತ್ತರದ ನಡುವೆ ಬಿದ್ದು ಸಂಪರ್ಕ ಕಡಿದುಹೋಗುತ್ತಿತ್ತು. ಅಂಥ ಸಾಲುಗಳನ್ನೆಲ್ಲ ಸ್ಟ್ಯಾಂಡರ್ಡ್ ಎರರ್ ಅನ್ನೋ ಬೇರೆ ದಾರಿಗೆ ತಿರುಗಿಸಿದೆ.

ಜಾಸ್ತಿ ಹೊತ್ತು ಹಿಡಿದದ್ದು ಮಾತ್ರ ಕನ್ನಡ. ಎಐ ಲೇಖನದ ಹೆಸರನ್ನು ತಾನೇ ಊಹಿಸಿ ನೇರವಾಗಿ ತರಿಸಲು ನೋಡುತ್ತಿತ್ತು. ಆದರೆ ಒಂದೇ ಹೆಸರನ್ನು ಜೋಶಿ ಅಂತ ಬರೆಯುವವರಿದ್ದಾರೆ, ಜೋಷಿ ಅಂತ ಬರೆಯುವವರೂ ಇದ್ದಾರೆ. ಆ ಹೆಸರಿನ ಪುಟ ಇಲ್ಲದಿದ್ದರೆ ಎಪಿಐ 'ಮಿಸ್ಸಿಂಗ್' ಅನ್ನುತ್ತದೆ. ಅಲ್ಲಿಗೆ ಎಐ ಮತ್ತೆ ನೆನಪಿನಿಂದ ಹೇಳಲು ಶುರು. ಯಾವ ಟೂಲ್ ಯಾವಾಗ ಕರೆಯಬೇಕು ಅಂತ ಅದು ತಿಳಿಯೋದು ನಾವು ಬರೆದ ವಿವರಣೆ ಓದಿಯೇ. ಅದನ್ನು ಹೀಗೆ ತಿದ್ದಿದೆ: "ಮೊದಲು ಕನ್ನಡ ವಿಕಿಪೀಡಿಯದಲ್ಲಿ ಹುಡುಕು. ಹುಡುಕಿದಾಗ ಸಿಕ್ಕ ಹೆಸರನ್ನೇ ಕೊಟ್ಟು ಲೇಖನ ತರಿಸು. ಇಲ್ಲದಿದ್ದರೆ ಮರಾಠಿ, ಇಂಗ್ಲಿಷ್ ನೋಡು. ಎಲ್ಲೂ ಇಲ್ಲದಿದ್ದರೆ ಸಿಗಲಿಲ್ಲ ಅಂತ ಹೇಳು." ಇಡೀ ಕೆಲಸದಲ್ಲಿ ಈ ನಾಲ್ಕು ಸಾಲಿಗೇ ಬೆಲೆ ಜಾಸ್ತಿ. ಉತ್ತರದ ಕೆಳಗೆ ಲೇಖನದ ಲಿಂಕ್ ಕೊಡಬೇಕು ಅಂತಲೂ ಸೇರಿಸಿದೆ. ವಿಕಿಪೀಡಿಯದಲ್ಲೂ ತಪ್ಪಿರಬಹುದು. ಲಿಂಕ್ ಇದ್ದರೆ ನಾವೇ ಹೋಗಿ ಓದಬಹುದು, ತಿದ್ದಲೂಬಹುದು, ಅಲ್ವಾ?

ಮರುದಿನ ಅದೇ ಪ್ರಶ್ನೆ ಹಾಕಿದೆ. 1886ರಲ್ಲಿ ಕುಂದಗೋಳದಲ್ಲಿ ಹುಟ್ಟಿದರು, 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು, ಮರುವರ್ಷ ಶಿಷ್ಯ ಭೀಮಸೇನ ಜೋಶಿ ಇಲ್ಲಿ ಉತ್ಸವ ಶುರು ಮಾಡಿದರು ಅಂತ ಬಂತು. ಅವ್ವ ಲಿಂಕ್ ತೆಗೆಸಿ, ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದಳು.

"ಈಗ ಗಂಗೂಬಾಯಿ ಅವರದು ತೆಗಿ" ಅಂದಳು.