ಶ್ವಾಸಕೋಶದ ರಕ್ತಹೆಪ್ಪಿಗೆ ಸಿ.ಟಿ.: ಡೈ ಕೈಕೊಡುವುದು ಎಲ್ಲಿ?

ಶ್ವಾಸಕೋಶದ ನಾಳಗಳಲ್ಲಿ ಹೆಪ್ಪು ಹುಡುಕುವ ಪಲ್ಮನರಿ ಆಂಜಿಯೋ ಸ್ಕ್ಯಾನ್ ಕೆಟ್ಟರೆ ಬಹಳ ಸಲ ತಪ್ಪು ಯಂತ್ರದ್ದಲ್ಲ. ಸೂಜಿಯದ್ದು, ಇಲ್ಲವೇ ಉಸಿರಿನದ್ದು. ಶ್ವಾಸಕೋಶದ ರಕ್ತನಾಳಗಳಲ್ಲಿ ಡೈ (ನಾಳಗಳನ್ನು ಚಿತ್ರದಲ್ಲಿ ಹೊಳೆಯಿಸುವ ಅಯೋಡಿನ್ ದ್ರವ) ದಟ್ಟವಾಗಿರುವುದು ಕೆಲವೇ ಸೆಕೆಂಡು. ಅದು ತಪ್ಪಿತೋ, ಹೆಪ್ಪು ಇದೆಯೆಂದೂ ಇಲ್ಲವೆಂದೂ ಹೇಳಲಾಗದು.

ಮೊದಲು ಕೇಳಬೇಕಾದದ್ದು: ಹಿಂದೆ ಡೈ ಕೊಟ್ಟಾಗ ತೊಂದರೆಯಾಗಿತ್ತೇ, ಅಸ್ತಮಾ, ಥೈರಾಯ್ಡ್, ಕಿಡ್ನಿ ಕಾಯಿಲೆ ಇದೆಯೇ. ಕಿಡ್ನಿ ಎಷ್ಟು ಸೋಸುತ್ತದೆಂದು ಹೇಳುವ ಇಜಿಎಫ್ಆರ್ 30ಕ್ಕಿಂತ ಕೆಳಗಿದ್ದರೆ ವೈದ್ಯರ ಜೊತೆ ಮಾತಾಡಿಯೇ ಮುಂದುವರಿಯಿರಿ. ಅಂಥವರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಅದನ್ನು ನಿಲ್ಲಿಸಿ, 48 ಗಂಟೆ ಕಳೆದು ಕಿಡ್ನಿಯ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ನೋಡಿ ಮತ್ತೆ ಶುರುಮಾಡುತ್ತಾರೆ. ಆದರೆ ಬಿಪಿ ಬೀಳುತ್ತಿರುವ ರೋಗಿಯನ್ನು ಕ್ರಿಯಾಟಿನಿನ್ ವರದಿಗಾಗಿ ಕಾಯಿಸುವಂತಿಲ್ಲ. ಮಳೆಗಾಲದಲ್ಲಿ ಗದ್ದೆ ಏಡಿ ತಿಂದು ಮೈ ತುರಿಸಿತ್ತು ಎನ್ನುವವರು ನಮ್ಮ ಕಡೆ ಸಿಕ್ಕೇ ಸಿಗುತ್ತಾರೆ. ಏಡಿ ಅಲರ್ಜಿ ಅದರ ಪ್ರೋಟೀನಿನಿಂದ ಬರುವುದು, ಅಯೋಡಿನ್‌ನಿಂದಲ್ಲ. ಆ ಒಂದೇ ಕಾರಣಕ್ಕೆ ಡೈ ನಿಲ್ಲಿಸಬೇಡಿ.

ಸೂಜಿ ಮೊಣಕೈ ಮಡಿಕೆಯಲ್ಲಿರಲಿ, ಆದಷ್ಟು ಬಲಗೈಯಲ್ಲಿ. 18 ಗೇಜ್ ಹಸಿರು ಅಥವಾ 20 ಗೇಜ್ ಗುಲಾಬಿ ಕ್ಯಾನುಲಾ. ಅಂಗೈ ಹಿಂಭಾಗದ ಸಪೂರದ ನೀಲಿ 22 ಗೇಜ್‌ನಲ್ಲಿ ಬೇಕಾದ ವೇಗ ಬರುವುದಿಲ್ಲ. ಮಡಿಕೇರಿಯ ಜುಲೈ ಚಳಿಗೆ ನರಗಳು ಕುಗ್ಗಿ ಸಿಗದೇ ಹೋಗುತ್ತವೆ. ಬಿಸಿ ಬಟ್ಟೆ ಸುತ್ತಿ ಐದು ನಿಮಿಷ ಬಿಡಿ. ಡೈ ಬಾಟಲಿಯನ್ನೂ ವಾರ್ಮರ್‌ನಲ್ಲಿ 37 ಡಿಗ್ರಿಗೆ ತನ್ನಿ. ತಣ್ಣಗಿನ ಡೈ ಮಂದವಾಗಿದ್ದು ಅದನ್ನು ತಳ್ಳುವ ಇಂಜೆಕ್ಟರ್ ಯಂತ್ರದ ಒತ್ತಡ ಏರಿಸುತ್ತದೆ. 10 ಮಿ.ಲೀ. ಸಲೈನ್ ಜೋರಾಗಿ ತಳ್ಳಿ ನೋಡಿ: ಚರ್ಮ ಉಬ್ಬಿದರೆ ಜಾಗ ಬದಲಿಸಿ.

ಪ್ರಮಾಣ: ಮಿ.ಲೀ.ಗೆ 350 ಮಿ.ಗ್ರಾಂ ಅಯೋಡಿನ್ ಇರುವ ಡೈ 60 ಮಿ.ಲೀ., ಸೆಕೆಂಡಿಗೆ 4ರಿಂದ 5 ಮಿ.ಲೀ. ವೇಗ, ಬೆನ್ನಿಗೇ 40 ಮಿ.ಲೀ. ಸಲೈನ್. ಈ ಸಲೈನ್ ಕೊಡದಿದ್ದರೆ ಮೇಲಿನ ಮಹಾಸಿರೆಯಲ್ಲಿ ಉಳಿದ ಡೈ ಗೆರೆ ಎಳೆದು ಪಕ್ಕದ ಬಲ ಪಲ್ಮನರಿ ನಾಳವನ್ನು ಮರೆಮಾಡುತ್ತದೆ. ಸಪೂರ ಮೈಯವರಿಗೆ ಎಕ್ಸ್‌ರೇ ವೋಲ್ಟೇಜ್ 100 ಕೆವಿ ಇಡಿ. ಅಯೋಡಿನ್ ಇನ್ನೂ ಹೊಳೆಯುತ್ತದೆ, ವಿಕಿರಣವೂ ಕಡಿಮೆ. ಡೈ ಬಂದದ್ದನ್ನು ಪತ್ತೆಹಚ್ಚುವ ಟ್ರ್ಯಾಕಿಂಗ್ ವೃತ್ತವನ್ನು ಮುಖ್ಯ ಪಲ್ಮನರಿ ನಾಳದ ಮೇಲಿಟ್ಟು, ಹೊಳಪಿನ ಅಳತೆಯಲ್ಲಿ 100–120 ಎಚ್‌ಯು ಮಿತಿ ಕೊಡಿ. ಮಿತಿ ದಾಟಿದ ಮೇಲೆ ಐದು ಸೆಕೆಂಡಿನ ಬಿಡುವು. ಸ್ಕ್ಯಾನ್ ಕೆಳಗಿನಿಂದ ಮೇಲಕ್ಕೆ ಹೋಗಲಿ: ಉಸಿರಾಟಕ್ಕೆ ಹೆಚ್ಚು ಅಲುಗುವುದು ಶ್ವಾಸಕೋಶದ ಬುಡ, ಉಸಿರು ತಡೆಯಲಾಗದೆ ಬಿಡುವ ಹೊತ್ತಿಗೆ ಅದು ಮುಗಿದಿರುತ್ತದೆ.

ಈಗ ಉಸಿರು. ಎದೆ ತುಂಬ ಎಳೆದರೆ ಕೆಳಗಿನ ಮಹಾಸಿರೆಯಿಂದ ಡೈ ಇಲ್ಲದ ರಕ್ತ ಬಲ ಹೃದಯಕ್ಕೆ ನುಗ್ಗಿ ಡೈಯನ್ನು ತೆಳುಮಾಡುತ್ತದೆ. ಹಾಗಾಗಿ 'ಜೋರಾಗಿ ಎಳೆಯಿರಿ' ಎನ್ನಬೇಡಿ. 'ಸ್ವಲ್ಪ ಎಳೆದು ಹಾಗೇ ನಿಲ್ಲಿಸಿ' ಸಾಕು. ಯಂತ್ರದೊಳಗಿನ ಇಂಗ್ಲಿಷ್ ದನಿ ಬಂದ್ ಮಾಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಭಾಷೆ, ತೋಟಕ್ಕೆ ಬಂದ ಅಸ್ಸಾಮಿನವರ ಮಾತು, ಇವೆಲ್ಲ ಒಂದೇ ವಾರ್ಡಿನಲ್ಲಿ ಕೇಳುವ ಜಿಲ್ಲೆ ಇದು. ಜೊತೆಗೆ ಬಂದವರನ್ನು ಕೇಳಿ ಆ ಎರಡು ಮಾತು ಕಲಿತು, ಡೈ ಬಿಡುವ ಮುನ್ನವೇ ಎರಡು ಸಲ ಅಭ್ಯಾಸ ಮಾಡಿಸಿ. ಮೈ ಬಿಸಿಯಾಗುತ್ತದೆ, ಮೂತ್ರ ಹೋದಂತೆ ಅನಿಸುತ್ತದೆ ಎಂದೂ ಹೇಳಿಡಿ. ಹೇಳದಿದ್ದರೆ ಆ ಕ್ಷಣಕ್ಕೇ ಬೆಚ್ಚಿ ಉಸಿರೆಳೆಯುತ್ತಾರೆ.

ಚಿತ್ರ ಬಂದ ಕೂಡಲೇ ಮುಖ್ಯ ನಾಳದಲ್ಲಿ ಅಳೆಯಿರಿ. 250 ಎಚ್‌ಯು ಮೇಲಿದ್ದರೆ ಚೆನ್ನ. ಮೇಲಿನ ಮಹಾಸಿರೆ, ಮಹಾಪಧಮನಿ ಎರಡೂ ಹೊಳೆಯುತ್ತ ನಡುವೆ ಪಲ್ಮನರಿ ನಾಳ ಮಾತ್ರ ಮಸುಕಾಗಿದ್ದರೆ ಉಸಿರಿನ ತಪ್ಪು. ಮಹಾಸಿರೆ ಖಾಲಿಯಾಗಿ ಮಹಾಪಧಮನಿ ಮಾತ್ರ ಹೊಳೆದರೆ ಸ್ಕ್ಯಾನ್ ತಡವಾಯಿತು. ಕಾರಣ ಗೊತ್ತಾಗದೆ ಮತ್ತೊಮ್ಮೆ ಡೈ ಕೊಟ್ಟರೆ ಅದೇ ಚಿತ್ರ ಮರಳಿ ಬರುತ್ತದೆ.

ಡೈ ಚರ್ಮದಡಿ ಸೋರಿದರೆ ಇಂಜೆಕ್ಟರ್ ನಿಲ್ಲಿಸಿ, ಕೈ ಎತ್ತಿಡಿಸಿ, ತಣ್ಣನೆ ಬಟ್ಟೆ ಇಡಿ. ಗುಳ್ಳೆ ಎದ್ದರೆ ಅಥವಾ ಬೆರಳು ಜೋಮು ಹಿಡಿದರೆ ಸರ್ಜನ್‌ಗೆ ತಿಳಿಸಿ. ಮುಗಿದ ಮೇಲೂ 30 ನಿಮಿಷ ಕ್ಯಾನುಲಾ ತೆಗೆಯಬೇಡಿ. ಡೈ ಅಲರ್ಜಿಯಿಂದ ಗಂಟಲು ಬಿಗಿದು ಬಿಪಿ ಇಳಿದರೆ ವಯಸ್ಕರಿಗೆ ಅಡ್ರಿನಲಿನ್ 0.5 ಮಿ.ಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಆ ಆಂಪ್ಯೂಲ್ ಬೀರುವಿನಲ್ಲಿ ಬೀಗದೊಳಗಲ್ಲ, ಸ್ಕ್ಯಾನ್ ಯಂತ್ರದ ಪಕ್ಕದ ಟ್ರೇಯಲ್ಲಿರಬೇಕು.