ಗೊಂಬೆ ಹಬ್ಬದಲ್ಲಿ ಮ್ಯಾಮೊಗ್ರಾಂ ಬುಕಿಂಗ್: ನನ್ನ ಅನುಭವ

ಚಾರಿಟಿ ವಾಕ್ ಮಾಡಿ ಗುಲಾಬಿ ಟೀ-ಶರ್ಟ್ ಹಂಚಿದರೆ ನಮ್ಮ ಹೆಂಗಸರು ಮ್ಯಾಮೊಗ್ರಾಂ (ಸ್ತನ ಕ್ಯಾನ್ಸರ್ ಹುಡುಕೋ ಎಕ್ಸ್-ರೇ) ಪರೀಕ್ಷೆಗೆ ಹೋಗ್ತಾರೆ ಅಂತ ಇನ್ನೂ ನಂಬಿರೋರು ಇದನ್ನು ಓದಬೇಕು. ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ನಾವು ಅದೆಲ್ಲ ಮಾಡಿ ಮುಗಿಸಿದ್ದೇವೆ. ವಾಕ್ ಆಯಿತು, ಡಾನ್ಸ್ ಶೋ ಆಯಿತು, ಹೋಟೆಲಲ್ಲಿ ಡಿನ್ನರೂ ಆಯಿತು. ಡಿನ್ನರಿನಲ್ಲಿ ಹತ್ತಿರ ಹತ್ತಿರ 11,000 ಡಾಲರ್ ಎದ್ದಿತು. ಹಾಲ್ ಬಾಡಿಗೆ, ಊಟ, ಡಿಜೆ, ಇನ್ಶೂರೆನ್ಸ್ ಕಳೆದು ಕೈಯಲ್ಲಿ ಉಳಿದದ್ದು ಎರಡು ಸಾವಿರ ಚಿಲ್ಲರೆ. ಬಂದವರಿಗೆ ಆಮೇಲೆ ಫೋನ್ ಮಾಡಿ ಯಾರ್‍ಯಾರು ಮ್ಯಾಮೊಗ್ರಾಂ ಮಾಡಿಸಿದಿರಿ ಅಂತ ಕೇಳಿದೆ. ಐದಾರು ಜನ, ಅಷ್ಟೇ. ಫೋಟೋ ಮಾತ್ರ ಎಲ್ಲರೂ ಹಾಕಿದ್ದರು.

ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳಾಗಿದ್ದು 1985ರಲ್ಲಿ. ನಮ್ಮ ನವರಾತ್ರಿ ಬರೋದೂ ಹೆಚ್ಚುಕಡಿಮೆ ಆಗಲೇ. ಗೊಂಬೆ ಕೂರಿಸಿದ ಮನೆಗೆ ಅರಿಶಿನ-ಕುಂಕುಮಕ್ಕೆ ಕರೆದರೆ ಅತ್ತೆ, ಸೊಸೆ, ಊರಿಂದ ಬಂದ ಅಮ್ಮ ಎಲ್ಲರೂ ಬರುತ್ತಾರೆ, ಗಂಡಸರ ಕಾಟ ಇಲ್ಲ. ಅಲ್ಲೇ ಬುಕಿಂಗ್ ಮಾಡಿಸೋಣ ಅಂದೆ. "ಹಬ್ಬದ ಮನೇಲಿ ಆ ರೋಗದ ಹೆಸರು ಬೇಡಮ್ಮ" ಅಂತ ಈ ವಾಕ್, ಡಿನ್ನರ್ ನಡೆಸೋ ನಮ್ಮ ಸಮಿತಿಯ ಹಿರಿಯರೊಬ್ಬರು ಮೀಟಿಂಗಿನಿಂದ ಎದ್ದೇ ಹೋದರು. ಹೋಗಲಿ ಅಂತ ಮೊದಲು ನಮ್ಮ ಮನೆಯಲ್ಲೇ ಶುರು ಮಾಡಿದೆ.

ಕೆಳಗೆ ಗೊಂಬೆ, ಹಾಡು, ಉಸಲಿ. ಮೇಲಿನ ರೂಮಿನ ಮಂಚದ ಮೇಲೆ ಸ್ತನದ ಸಿಲಿಕೋನ್ ಮಾಡೆಲ್, ಪಕ್ಕದಲ್ಲಿ ಲ್ಯಾಪ್‌ಟಾಪ್. ಭಾಷಣ ಗೀಷಣ ಇಲ್ಲ. ಮಾಡೆಲ್ ಒತ್ತಿ ನೋಡಿ ಗಂಟು ಹುಡುಕಿ ಅನ್ನೋದು, ಅಷ್ಟೇ. ಮೈಸೂರಿಂದ ಬಂದಿದ್ದ ಎಪ್ಪತ್ತರ ಅಜ್ಜಿಯೊಬ್ಬರು ಮೂರು ಬೆರಳಲ್ಲಿ ಸುತ್ತಿ ಸುತ್ತಿ ಒತ್ತಿ, "ಇಲ್ಲಿದೆ ನೋಡೇ, ಕಡಲೆಕಾಳಿನ ಥರ" ಅಂತ ಸೊಸೆಯ ಕೈ ಹಿಡಿದು ಅದರ ಮೇಲಿಟ್ಟರು. ಆ ಸೊಸೆ ಅವತ್ತೇ ಬುಕ್ ಮಾಡಿದಳು. ಸ್ಲಾಟ್ ಕೊಡೋದು ಜೋಡಿ ಜೋಡಿಯಾಗಿ: ಒಂದೇ ಶನಿವಾರ, ಒಂದೇ ಕಾರು. ಒಬ್ಬಳು ಹಿಂಜರಿದರೆ ಇನ್ನೊಬ್ಬಳು ಎಳಕೊಂಡು ಹೋಗುತ್ತಾಳೆ. ಶನಿವಾರದ ಸ್ಲಾಟುಗಳನ್ನು ಅಡ್ವಾನ್ಸ್ ಕೊಡದೆ ಹೇಗೆ ಹಿಡಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಸೆಂಟರಿನವರು ಎಚ್ಚೆತ್ತುಕೊಂಡಾರು.

ತಾಂಬೂಲದ ಚೀಲದಲ್ಲಿ ಬಳೆ, ಬ್ಲೌಸ್ ಪೀಸ್ ಜೊತೆ ಒಂದು ವೆಟ್ ವೈಪ್ಸ್ ಪೊಟ್ಟಣ ಇಟ್ಟೆವು. ಡಿಯೋಡರೆಂಟ್ ಬಳಿದುಕೊಂಡು ಹೋದರೆ ಅದರ ಅಲ್ಯೂಮಿನಿಯಂ ಕಣಗಳು ಚಿತ್ರದಲ್ಲಿ ಕ್ಯಾನ್ಸರಿನ ಗುರುತೂ ಆಗಬಹುದಾದ ಕ್ಯಾಲ್ಸಿಯಂ ಚುಕ್ಕೆಗಳಂತೆ ಕಾಣುತ್ತವೆ ಅಂತ ಬಂದವರಿಗೆ ಗೊತ್ತಿರಲಿಲ್ಲ. ಐವತ್ತಾಗಲಿ ಆಮೇಲೆ ನೋಡೋಣ ಅನ್ನೋರೂ ಬಹಳ ಜನ. 2024ರಿಂದ ಇಲ್ಲಿನ ಶಿಫಾರಸು 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಅಂತ ಬದಲಾದದ್ದು ನಮ್ಮ ಕೆಲಸ ಹಗುರ ಮಾಡಿತು.

ಹೆಚ್ಚು ಬೈಸಿಕೊಂಡಿದ್ದು ದುಡ್ಡಿನ ವಿಷಯದಲ್ಲಿ. ಸ್ಕ್ರೀನಿಂಗಿಗೆ, ಅಂದರೆ ಲಕ್ಷಣ ಇಲ್ಲದಾಗ ಮಾಡಿಸೋ ಮೊದಲ ಪರೀಕ್ಷೆಗೆ, ಇನ್ಶೂರೆನ್ಸ್ ಪೂರ್ತಿ ಕೊಡುತ್ತೆ. ಆದರೆ ಅನುಮಾನ ಬಂದು ಮತ್ತೆ ಕರೆದು ಇನ್ನೊಂದು ಚಿತ್ರ ತೆಗೆದಾಗ ಒಬ್ಬರಿಗೆ ಮುನ್ನೂರು ಚಿಲ್ಲರೆ ಡಾಲರ್ ಬಿಲ್ ಬಂತು. "ಫ್ರೀ ಅಂದ್ರಲ್ರೀ" ಅಂತ ಅವರು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರು, ಆ ವಾರ ನಾಲ್ಕು ಬುಕಿಂಗ್ ಕ್ಯಾನ್ಸಲ್. ಈಗ ಮೊದಲೇ ಹೇಳಿಬಿಡುತ್ತೇವೆ: ನೂರರಲ್ಲಿ ಸುಮಾರು ಹತ್ತು ಜನರನ್ನು ಮತ್ತೆ ಕರೀತಾರೆ, ಅವರಲ್ಲಿ ಹೆಚ್ಚಿನವರಿಗೆ ಏನೂ ಇರಲ್ಲ, ಬಿಲ್ ಬಂದರೆ ನಮಗೆ ತೋರಿಸಿ. ಇಲ್ಲೇ ನೆಲೆಸಿ ಇನ್ಶೂರೆನ್ಸ್ ಇಲ್ಲದ, ಆದಾಯ ಕಡಿಮೆ ಇರೋರಿಗೆ ಕ್ಯಾನ್ಸರ್ ಪರೀಕ್ಷೆ ಮಾಡಿಸೋ ರಾಜ್ಯದ ಎನ್‌ಜೆಸೀಡ್ ಯೋಜನೆ ಇದೆ. ವಿಸಿಟರ್ ವೀಸಾದ ಅಮ್ಮಂದಿರದ್ದೇ ಪೇಚು. ಅವರಿಗೆ ನಮ್ಮ ಫಂಡಿನಿಂದ ತಲೆಗೆ ಸುಮಾರು 160 ಡಾಲರ್ ಕಟ್ಟಿದೆವು. ಫಂಡ್ ಹುಟ್ಟಿದ್ದು ಗುಲಾಬಿ ಬಣ್ಣದ ಕೊಬ್ಬರಿ ಮಿಠಾಯಿ ಮಾರಿ. ಬೀಟ್‌ರೂಟ್ ಹೋಳಿಗೆಯನ್ನೂ ಮಾಡಿ ನೋಡಿದೆ, ಯಾರೂ ಮುಟ್ಟಲಿಲ್ಲ. ಕೆಲಸದವರು ಕೊಟ್ಟ ದಾನಕ್ಕೆ ಕಂಪನಿ ಸೇರಿಸಿ ಕೊಡೋ ಮ್ಯಾಚಿಂಗ್ ದುಡ್ಡು ನಂಬಿ ಖರ್ಚಿಗೆ ಇಳಿಯಬೇಡಿ, ಅದು ಬರೋ ಹೊತ್ತಿಗೆ ಯುಗಾದಿ.

ಮ್ಯಾಮೊಗ್ರಾಂ ವ್ಯಾನ್ ಬರಬೇಕಾದರೆ ಇಪ್ಪತ್ತಕ್ಕೂ ಹೆಚ್ಚು ಹೆಸರು ಬೇಕಿತ್ತು. ನಮ್ಮವರು ಸಾಲದೆ ಪಕ್ಕದ ಊರಿನ ಕಪ್ಪು ಜನರ ಚರ್ಚಿನ ಮಹಿಳಾ ಮಂಡಳಿಯ ಜೊತೆ ಸೇರಿಕೊಂಡೆವು. ಭಾನುವಾರದ ಪ್ರಾರ್ಥನೆ ಮುಗಿಯುತ್ತಿದ್ದಂತೆ ವ್ಯಾನ್ ಅವರ ಪಾರ್ಕಿಂಗಿನಲ್ಲಿ. ಅಲ್ಲಿ ಯಾರನ್ನೂ ಒಪ್ಪಿಸಬೇಕಿರಲಿಲ್ಲ. ಅವರಲ್ಲಿ ಈ ಕಾಯಿಲೆ ಬಿಳಿಯರಿಗಿಂತ ತುಸು ಕಡಿಮೆ, ಸಾವು ಮಾತ್ರ ಸುಮಾರು 40% ಹೆಚ್ಚು. ಹಾರ್ಮೋನ್ ತಡೆಯೋ ಮಾತ್ರೆಗೆ ಬಗ್ಗದ, ಟ್ರಿಪಲ್ ನೆಗೆಟಿವ್ ಅನ್ನೋ ಸ್ತನ ಕ್ಯಾನ್ಸರಿನ ಬಗೆ ಬಿಳಿಯರಿಗಿಂತ ಸುಮಾರು ಇಮ್ಮಡಿ. "ರಿಪೋರ್ಟ್ ಕೆಟ್ಟದ್ದು ಬಂದರೆ ಮುಂದಿನ ಅಪಾಯಿಂಟ್‌ಮೆಂಟ್ ಯಾರು ಕೊಡಿಸ್ತೀರಿ?" ಅಂತ ಅಲ್ಲಿನ ಹಿರಿಯಾಕೆ ಕೇಳಿದರು. ನಮ್ಮ ಸಮಿತಿಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅಂದಿನಿಂದ ರಿಪೋರ್ಟ್ ಬಂದ ಮೇಲೆ ಬೆನ್ನು ಹತ್ತುವುದಕ್ಕೆಂದೇ ಒಬ್ಬಳನ್ನು ಇಟ್ಟಿದ್ದೇವೆ, ಅವಳಿಗೆ ಬೇರೆ ಕೆಲಸ ಕೊಡಲ್ಲ.

ಹೋದ ಸಲ ಏಳೆಂಟು ಮನೆ, ಒಂದು ಚರ್ಚು ಸೇರಿ ತೊಂಬತ್ತರ ಮೇಲೆ ಬುಕಿಂಗ್, ಎಪ್ಪತ್ತಕ್ಕೂ ಹೆಚ್ಚು ಜನ ನಿಜವಾಗಿ ಹೋದರು. ಎದ್ದು ಹೋಗಿದ್ದ ಹಿರಿಯರ ಮನೆಯಲ್ಲೂ ಗೊಂಬೆ ಕೂತಿತ್ತು, ಅಲ್ಲೇ ಹದಿನಾಲ್ಕು ಹೆಸರು ಸಿಕ್ಕವು. ಅಕ್ಟೋಬರಿನಲ್ಲಿ ಸೆಂಟರುಗಳೆಲ್ಲ ತುಂಬಿರುತ್ತವೆ, ಅದಕ್ಕೇ ಈ ವರ್ಷ ವರಮಹಾಲಕ್ಷ್ಮಿಗೇ ಶುರು ಮಾಡುತ್ತಿದ್ದೇವೆ.